ಬಾನೆಟ್ಟಿನ ಎರಡು ತೂತು

ಕಳೆದ ಶನಿವಾರ ನಿಲ್ಕುಂದದ ಗಂಗತ್ತೆ ನನ್ನನ್ನು ಏಣಿ ತರಲು ಹಿತ್ತಲ ಕಡೆಯ ಹಳೇ ಕೊಟ್ಟಿಗೆಗೆ ಅಟ್ಟಿದಳು. ಅಲ್ಲೀಗ ದನ ಕಟ್ಟುವುದಿಲ್ಲ, ಹುಲ್ಲು ಸೌದೆ ತುಂಬಿದ್ದಾರೆ. ಬಾಗಿಲು ನೂಕಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಒಣಹುಲ್ಲು, ಇಲಿ, ಹಳೇ ರೆಕ್ಸಿನ್ನು, ನೆಲ ಕುಡಿದ ಇಂಜಿನ್ ಆಯಿಲ್ಲು, ಎಲ್ಲ ಸೇರಿದ ವಾಸನೆ. ಕಾರು ಆ ಜಾಗ ಬಿಟ್ಟು ಐದು ಮಳೆಗಾಲ ಆಯಿತು. ಆಯಿಲ್ಲಿನ ಕಪ್ಪು ಕಲೆ ಮಾತ್ರ ಹಾಗೇ ಇದೆ. ಏಣಿ ಮರೆತು ನಾನು ಆ ಕಲೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. ಕೂತವನಿಗೆ ಆ ವರ್ಷದ ಹೊಟ್ಟೆಯುರಿ ಒಂದು ಚೂರೂ ಆರಿಲ್ಲ ಎಂದು ಗೊತ್ತಾಯಿತು.

ಅದು ಅಮೆರಿಕದ ಕಾರು. ಕಂಪನಿ ಯಾವುದು ಎಂದು ಕೇಳಬೇಡಿ, ಹೇಳುವುದಿಲ್ಲ. ಹೇಳಿದರೆ ನಾಳೆ ಯಾರೋ ಒಬ್ಬ ಅದರದ್ದೇ ಪಾರ್ಟು ಹುಡುಕಿಕೊಂಡು ನನಗಿಂತ ಮೊದಲು ಎಲ್ಲಿಗೋ ಹೋಗಿರುತ್ತಾನೆ. ಹಳೇ ಕಾರಿನ ಹುಚ್ಚು ಹಿಡಿದವರ ಬುದ್ಧಿಯೇ ಅಷ್ಟು. ಯಲ್ಲಾಪುರದ ನಾಟಾ ಕಂತ್ರಾಟುದಾರರೊಬ್ಬರು ಕಾಡಿನ ಮರ ಮಾರಿದ ಕಾಲದಲ್ಲಿ ತರಿಸಿದ್ದಂತೆ. ಅವರ ದೆಸೆ ಇಳಿದ ಮೇಲೆ ಗಂಗತ್ತೆಯ ಗಂಡ ಕೊಂಡರು. ಅವರು ತೀರಿಕೊಂಡ ಮೇಲೆ ಕಾರು ಕೊಟ್ಟಿಗೆ ಸೇರಿತು. ಆರು ಸಿಲಿಂಡರ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಎಮ್ಮೆ ಮಲಗಿದಷ್ಟು ಅಗಲದ ಬಾನೆಟ್ಟು. ಬಾನೆಟ್ಟಿನ ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಒಂದು ಬೆಳ್ಳಿ ಬಣ್ಣದ ಹಕ್ಕಿ.

ನನ್ನದು ಶಿರಸಿಯಲ್ಲಿ ಲೇತ್ ಶಾಪು. ಹೆಸರು ನಾರಾಯಣ, ಬಾಯಲ್ಲಿ ನಾಣಿ. ಗಂಗತ್ತೆ ನನ್ನ ಸ್ವಂತ ಅತ್ತೆಯೇನಲ್ಲ, ಅರ್ಧ ಸಿದ್ದಾಪುರ ಸೀಮೆಗೇ ಅವಳು ಅತ್ತೆ. ಒಮ್ಮೆ ಅವರ ಮನೆಯ ಪಂಪಿನ ಶಾಫ್ಟ್ ಹಾಕಲು ಹೋದವನು ಕೊಟ್ಟಿಗೆಯಲ್ಲಿ ಆ ಕಾರನ್ನು ನೋಡಿದೆ. ಕೋಳಿ ಸೀಟಿನ ಮೇಲೆ ಮೊಟ್ಟೆಗೆ ಕೂತಿತ್ತು. ಅವತ್ತೇ ನನ್ನ ಜೀವ ಆ ಕಾರಿಗೆ ಅಂಟಿಕೊಂಡಿತು. ಆದರೆ ಕೇಳಲಿಲ್ಲ. ನಮ್ಮ ಕಡೆ ದೊಡ್ಡವರ ಮನೆಯ ವಸ್ತುವನ್ನು ಹೋದವನೇ 'ಇದು ನನಗೆ ಬೇಕು' ಎಂದು ಕೇಳುವ ಪದ್ಧತಿಯಿಲ್ಲ. ಹೋಗಬೇಕು, ಕೂರಬೇಕು, ಎಲೆ ಅಡಿಕೆಯ ಕವಳ ಹಾಕಬೇಕು, ಮಳೆ ಬೆಳೆ ಮಾತಾಡಬೇಕು, ಏಳುವಾಗ ಕೊಟ್ಟಿಗೆ ಕಡೆ ಒಮ್ಮೆ ನೋಡಿ ಬರಬೇಕು. ಅವರಾಗಿಯೇ ತಿಳಿದುಕೊಂಡು ಒಂದು ದಿನ 'ತಗಂಡ್ಹೋಗು' ಎನ್ನಬೇಕು. ನಾನು ಹಾಗೇ ಹೋದೆ. ತಿಂಗಳಿಗೊಂದು ಸಲದ ಹಾಗೆ ಹತ್ತು ವರ್ಷ. ಗ್ರೈಂಡರಿಗೆ ಬುಷ್ ಹಾಕಿದೆ, ಬಾವಿಯ ಗಡಗಡೆ ಸರಿ ಮಾಡಿದೆ, ಅವಳು ಹೇಳುವ ಆಕಳುಗಳ ಕಥೆ, ನಾದಿನಿಯರ ಕಥೆ, ತವರಿನ ಕಥೆ ಎಲ್ಲ ಕೇಳಿದೆ. ಮನೆ ತುಂಬ ಜನ ಇದ್ದರು. ಅವಳ ಎದುರು ಕಾಲು ಚಾಚಿ ಕೂತು ಕಥೆ ಕೇಳುವವನು ನಾನೊಬ್ಬನೇ ಎನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ. ನನ್ನ ಕಣ್ಣೆಲ್ಲ ಕೊಟ್ಟಿಗೆಯ ಮೇಲಿತ್ತು.

ನಾನು ಮಾಡಿದ ದೊಡ್ಡ ದಡ್ಡತನ ಎಂದರೆ ಇದನ್ನು ಶ್ರೀಪಾದ ಭಾವನ ಎದುರು ಕೊಚ್ಚಿಕೊಂಡದ್ದು. ಶ್ರೀಪಾದ ಭಾವ ನನ್ನ ಅಕ್ಕನ ಗಂಡ, ಸಿದ್ದಾಪುರದವ. ಬಾಯಿ ಜೋರು, ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲ. 'ನಿಲ್ಕುಂದದಲ್ಲಿ ಒಂದು ಕಾರು ಇದ್ದು ಭಾವ, ನೋಡಿದ್ರೆ ತಲೆ ತಿರುಗ್ತು' ಎಂದು ನಾನೇ ಹೇಳಿದ್ದೆ. ಆ ವರ್ಷ ಮಳೆಗಾಲ ಹಿಡಿಯಲು ಎಂಟು ದಿನ ಇರುವಾಗ ಅವನು ಉಪನಯನದ ಕರೆಯ ನೆಪದಲ್ಲಿ ಗಂಗತ್ತೆಯ ಮನೆಗೆ ಹೋದ. ಮರುದಿನ ಬೆಳಿಗ್ಗೆ ನನಗೆ ಫೋನು.

"ನಾಣೀ, ಆ ಕಾರು ತಗಂಡೆ ಮಾರಾಯ!"

"ಯಾವ ಕಾರು?"

"ಗಂಗತ್ತೆದು. ಎರಡು ದೋಸೆ ತಿಂದೆ, ಕೈ ತೊಳದೆ, 'ಅತ್ತೆ, ಆ ಕಾರು ಯಂಗೆ ಕೊಡ್ತ್ಯನೇ' ಕೇಳ್ದೆ. 'ತಗಂಡ್ಹೋಗು, ಕೊಟ್ಟಿಗೆ ಖಾಲಿ ಆಗ್ತು' ಅಂತು. ಅಷ್ಟೇಯ!"

ಅಷ್ಟೇ! ಹತ್ತು ವರ್ಷ ನಾನು ಉಂಡ ತಂಬುಳಿ ಹೊಟ್ಟೆಯಲ್ಲಿ ಹುಳಿಯಾಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಸುಮ್ಮನೆ ಹೇಳಿದ್ದಾರೆಯೇ? ಭಾವ ಟ್ರ್ಯಾಕ್ಟರ್ ಕಟ್ಟಿ ಕಾರನ್ನು ಎಳೆಸಿಕೊಂಡು ಬರುವ ದಿನ ನನ್ನನ್ನು ಕರೆದ. ಜ್ವರ ಎಂದು ಹೇಳಿ ಮಲಗಿದೆ. ಅಕ್ಕ ಫೋನಿನಲ್ಲೇ ಹಿಡಿದಳು. "ನಿಂಗೆ ಬೇಕಾಗಿತ್ತಾದ್ರೆ ಕೇಳಕಾಗಿತ್ತು. ಬಾಯಿ ಎಂತಕ್ಕೆ ಕೊಟ್ಟಿದ್ದ ದೇವರು, ಬರೀ ಕವಳ ಹಾಕಲನಾ?" ಅವಳು ಹೇಳಿದ್ದು ಸರಿಯೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮೊದಲ ಮಳೆ ಬಿದ್ದ ಮೇಲೆ ಗಂಗತ್ತೆಯ ಹತ್ತಿರ ಜಗಳ ಆಡಿಯೇ ಬರುವುದೆಂದು ನಿಲ್ಕುಂದಕ್ಕೆ ಹೋದೆ. ಅವಳು ಜಗಳಕ್ಕೆ ಎಡೆಯನ್ನೇ ಕೊಡಲಿಲ್ಲ. ಬಾಳೆಲೆ ಹಾಕಿ ಬಡಿಸಿದಳು. ಊಟವಾದ ಮೇಲೆ ಒಳಗೆ ಹೋಗಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟು ತಂದು ನನ್ನ ಕೈಯಲ್ಲಿಟ್ಟಳು. ಬಿಚ್ಚಿದೆ. ಬಾನೆಟ್ಟಿನ ಹಕ್ಕಿ!

"ಕಾರು ಹೋಪ ಮುಂಚೆ ಬಿಚ್ಚಿಸಿ ಇಟ್ಕಂಡಿದ್ದೆ. ಇದು ನಿನ್ನತ್ರ ಇರ್ಲಿ ತಮಾ. ಶ್ರೀಪಾದಂಗೆ ಕೊಡಡ."

ಭಾವನಿಗೆ ಕೊಡಬೇಡ ಎಂದದ್ದನ್ನು ನಾನು ಹೇಗೆ ತಿಳಿದುಕೊಂಡೆ ಗೊತ್ತೇ? ಪಾಪ, ಅತ್ತೆಗೆ ತಪ್ಪು ಮಾಡಿದೆ ಅನ್ನಿಸಿದೆ, ಅದರ ಪ್ರಾಯಶ್ಚಿತ್ತ ಇದು ಎಂದು. ಇನ್ನೂ ಕೆಳಗಿನ ಒಂದು ಯೋಚನೆಯೂ ಬಂತು. ಈಗ ಭಾವನ ಕಾರು ಎಂದೆಂದಿಗೂ ಪೂರ್ತಿ ಆಗುವುದಿಲ್ಲ, ಅದರ ಮೂಗು ನನ್ನ ಹತ್ತಿರ ಇದೆ. ಹಕ್ಕಿಯನ್ನು ತಂದು ಶಾಪಿನ ಟೂಲ್ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟೆ. ಗಂಗತ್ತೆಯ ಮನೆಗೆ ಆಮೇಲೆ ಹೋಗಲಿಲ್ಲ. ಹೋಗಲು ಕೆಲಸವೇನಿತ್ತು? ಕೊಟ್ಟಿಗೆ ಖಾಲಿ.

ಆ ಮಳೆಗಾಲವಿಡೀ ಭಾವ ಕಾರು ಬಿಚ್ಚಿದ. ಬಿಚ್ಚಿದ್ದನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ನನ್ನ ಶಾಪಿಗೇ ತರುತ್ತಿದ್ದ. ಬೇರೆ ಯಾರಿದ್ದಾರೆ ಅವನಿಗೆ? ಅಮೆರಿಕದ ಗಾಡಿಯ ನಟ್ಟು ಬೋಲ್ಟೆಲ್ಲ ಇಂಚಿನ ಲೆಕ್ಕದವು, ಈಗಿನ ಮಿಲಿಮೀಟರ್ ಪಾನಾ ಒಂದೂ ಕೂರುವುದಿಲ್ಲ. ಅಪ್ಪನ ಕಾಲದ ಇಂಚಿನ ಪಾನಾದ ಸೆಟ್ಟು ಶಿರಸಿಯಲ್ಲಿ ನನ್ನ ಹತ್ತಿರ ಇತ್ತು. ವಾಟರ್ ಪಂಪಿನ ಶಾಫ್ಟ್ ಸವೆದು ಒಂದು ನೂಲಿನಷ್ಟು ಅಲ್ಲಾಡುತ್ತಿತ್ತು. ಬ್ರೇಕ್ ಸಿಲಿಂಡರ್ ತುಕ್ಕು ಹಿಡಿದು ಒಳಗೆಲ್ಲ ಗುಂಡಿ ಬಿದ್ದಿತ್ತು. ಮುಂದಿನ ಚಕ್ರದ ಕಿಂಗ್‌ಪಿನ್ ಬುಷ್ ಪುಡಿಯಾಗಿತ್ತು. ಎಲ್ಲಕ್ಕೂ ನನ್ನದೊಂದೇ ಮಂತ್ರ, "ಕರೆಂಟಿಲ್ಲೆ ಭಾವ, ನಾಳೆ ನೋಡ್ವ." ಶಿರಸಿಯ ಮಳೆಗಾಲದಲ್ಲಿ ಆ ಮಾತನ್ನು ಯಾರೂ ಸುಳ್ಳು ಎನ್ನುವಂತಿಲ್ಲ. ಕರೆಂಟು ಇದ್ದ ದಿನವೂ ಇಲ್ಲ ಎಂದೆ. ಶಾಫ್ಟ್ ಒಂದಕ್ಕೇ ಒಂದೂವರೆ ತಿಂಗಳು ಓಡಾಡಿಸಿದೆ.

ಆದರೆ ಕೆಟ್ಟ ಕೆಲಸ ಮಾಡಲು ಕೈ ಬರಲಿಲ್ಲ. ಇದು ನನ್ನ ಹಣೆಬರಹ. ಲೇತಿನ ಚಕ್ಕಿಗೆ ಸಾಮಾನು ಕಟ್ಟಿ ಚಾಲೂ ಮಾಡಿದೆನೆಂದರೆ ಅದು ಯಾರದ್ದು ಎಂದು ಮರೆತೇ ಹೋಗುತ್ತದೆ. ಬ್ರೇಕ್ ಸಿಲಿಂಡರಿಗೆ ಹಿತ್ತಾಳೆಯ ಸ್ಲೀವ್ ಹಾಕಿ, ಕನ್ನಡಿಯ ಹಾಗೆ ನುಣುಪು ಮಾಡಿ, ಬೆರಳು ಹಾಕಿ ನೋಡಿ ಖುಷಿಪಟ್ಟು, ಆಮೇಲೆ ನೆನಪಾಗಿ ಹಲ್ಲು ಕಡಿಯುತ್ತಿದ್ದೆ. ಥೂ, ಇದೂ ಒಂದು ಬಾಳೇ? ಇನ್ನೊಬ್ಬನ ಮನೆ ಮದುವೆಗೆ ನಾನು ಒಲೆ ಊದುತ್ತಿದ್ದೇನೆ ಎಂದು ಬೈದುಕೊಳ್ಳುತ್ತಿದ್ದೆ.

ನವರಾತ್ರಿ ಕಳೆದು ಮಳೆ ಬಿಟ್ಟು ಹೊಳವಾದ ಮೇಲೆ ಇಬ್ಬರೂ ಯಲ್ಲಾಪುರಕ್ಕೆ ಹೋದೆವು. ಅಲ್ಲಿ ಹೈವೇ ಬದಿಗೆ ಇಸ್ಮಾಯಿಲ್ ಸಾಬರ ಗುಜರಿ ಅಂಗಡಿ ಇದೆ. ಹಿಂದೆ ನಾಟಾ ಎಳೆಯುತ್ತಿದ್ದ ಲಾರಿಗಳಲ್ಲಿ ಕೆಲವಕ್ಕೆ ಇದೇ ಇಂಜಿನ್ನಿನ ಅಣ್ಣತಮ್ಮಂದಿರು ಇದ್ದವು. ಆ ಲಾರಿಗಳ ಮೂಳೆಯೆಲ್ಲ ಕೊನೆಗೆ ಬಂದು ಬಿದ್ದದ್ದು ಸಾಬರ ಹಿತ್ತಲಲ್ಲಿ. ಭಾವ ಚಹಾ ಕುಡಿಯಲು ಎದುರಿನ ಹೋಟೆಲ್ಲಿಗೆ ಹೋದ. ನಾನೊಬ್ಬನೇ ಒಳಗೆ ಹೋದೆ.

"ಬರ್ರಿ ಬರ್ರಿ ಭಟ್ರ. ಅಮೆರಿಕಾ ಗಾಡಿ ಮಾಡಾಕತ್ತೀರಂತ, ಸುದ್ದಿ ಬಂದೈತಿ. ಭಾಳ ಛಲೋ ಗಾಡಿ ಸಿಕ್ಕೈತ್ರಿ ನಿಮಗ!"

'ನಂದಲ್ಲ' ಎಂದು ಹೇಳಬೇಕಿತ್ತು. ಹೇಳಲಿಲ್ಲ. "ಹೌದು ಸಾಬ್ರೆ" ಎಂದೆ. ಆಹಾ, ಏನು ಸುಖ! ಅರ್ಧ ತಾಸು ನಾನು ಆ ಕಾರಿನ ಯಜಮಾನನಾಗಿದ್ದೆ. ಇಸ್ಮಾಯಿಲ್ ಸಾಬರು ನನ್ನನ್ನು ಮುಂದೆ ಬಿಟ್ಟುಕೊಂಡು ಹಿತ್ತಲೆಲ್ಲ ತೋರಿಸಿದರು. ಸೀಮೆಎಣ್ಣೆ ಡಬ್ಬಿಯಲ್ಲಿ ನೆನೆಸಿಟ್ಟಿದ್ದ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಎತ್ತಿ, ಒರೆಸಿ, "ನಿಮ್ಮಂಥಾವ್ರು ಬರ್ತಾರಂತ ಇಟ್ಟಿದ್ದೆ ನೋಡ್ರಿ" ಎಂದರು. ಕ್ಯಾಪು ಒಡೆದಿರಲಿಲ್ಲ, ಹೊಸದರ ಹಾಗಿತ್ತು. ಅಷ್ಟರಲ್ಲಿ ಭಾವ ಮೀಸೆ ಒರೆಸಿಕೊಳ್ಳುತ್ತ ಬಂದ. "ಸಿಕ್ತನಾ ನಾಣಿ? ಸಾಬ್ರೆ, ಕಾರು ನಂದು, ಇವ ನಮ್ಮ ಮೆಕ್ಯಾನಿಕ್ಕು!" ಸಾಬರು ನನ್ನ ಮುಖ ಒಮ್ಮೆ ನೋಡಿದರು. ಡಿಸ್ಟ್ರಿಬ್ಯೂಟರನ್ನು ಭಾವನ ಕೈಗೆ ಕೊಟ್ಟರು. ವಾಪಸ್ಸು ಬರುವಾಗ ದಾರಿಯಲ್ಲಿ ಭಾವ ಮಾಗೋಡು ಜಲಪಾತ ನೋಡಿಕೊಂಡು ಹೋಗೋಣ ಎಂದ. ನನಗೆ ಅವನನ್ನು ಅಲ್ಲಿಂದ ನೂಕುವ ಆಸೆ ಬಂದೀತೆಂದು ಬೇಡ ಎಂದೆ.

ಚಳಿಗಾಲದ ಹೊತ್ತಿಗೆ ಕಾರಿಗೆ ಬಣ್ಣ ಬಂತು. ಕೆನೆ ಬಣ್ಣ, ಮೇಲೆ ತೆಳು ಹಸಿರು. ಊರಿನ ಪೇಪರಿನವರು ಬಂದು ಫೋಟೋ ಹಿಡಿದರು. 'ಅಮೆರಿಕದ ಕಾರಿಗೆ ಮರುಜೀವ ಕೊಟ್ಟ ಸಿದ್ದಾಪುರದ ಕೃಷಿಕ' ಎಂದು ಬಂತು. ಫೋಟೋದ ಮೂಲೆಯಲ್ಲಿ ಒಂದು ಮೊಣಕೈ ಕಾಣುತ್ತಿತ್ತಲ್ಲ, ಅದು ನನ್ನದು.

ಇನ್ನು ಉಳಿದದ್ದು ಬಾನೆಟ್ಟಿನ ಮೇಲೆ ಹಕ್ಕಿ ಬಿಚ್ಚಿದ ಜಾಗದ ಎರಡು ತೂತು. ಭಾವನಿಗೆ ಆ ತೂತುಗಳದ್ದೇ ಚಿಂತೆ ಹಿಡಿಯಿತು. ಗಂಗತ್ತೆಯ ಹತ್ತಿರ ಕೇಳಿದರೆ "ಅದರ ಆಸೆ ಬಿಡು" ಎಂದಳಂತೆ. ಕಳೆದುಹೋಗಿದೆ ಎಂದು ಇವನು ತಿಳಿದ. ಮುಂಬೈಯ ಹಳೇ ಸಾಮಾನಿನವರಿಗೆ ಬರೆದ. ಹಳೇ ಕಾರಿನವರ ಮೊಬೈಲ್ ಗುಂಪುಗಳಲ್ಲಿ ಕೇಳಿದ. ಅಮೆರಿಕದಿಂದ ಒಂದು ತರಿಸಿದ, ಅದು ಬೇರೆ ವರ್ಷದ್ದು, ಕೂರಲಿಲ್ಲ. ಕಡೆಗೆ ನನ್ನ ಹತ್ತಿರವೇ ಬಂದ. "ನೀ ಹತ್ತು ವರ್ಷ ನೋಡಿದವ. ನೆನಪಿದ್ರೆ ಒಂದು ಚಿತ್ರ ಬರ್ಕೊಡು, ಎಲ್ಲರಿಗೂ ಕಳಿಸ್ತೆ." ಅವತ್ತು ಶಾಪಿನ ಬಾಗಿಲು ಹಾಕಿಕೊಂಡು, ಹಕ್ಕಿಯನ್ನು ಪೆಟ್ಟಿಗೆಯಿಂದ ತೆಗೆದು ಎದುರಿಗಿಟ್ಟುಕೊಂಡು, ಅಳತೆ ಸಮೇತ ಬರೆದು ಕೊಟ್ಟೆ.

"ಎಂಥಾ ನೆನಪು ಮಾರಾಯ ನಿಂದು!" ಎಂದು ಭಾವ ಬೆನ್ನು ತಟ್ಟಿದ. "ರೆಕ್ಕೆಯ ಒಂದೊಂದು ಗೀರೂ ಬಿಟ್ಟಿದ್ದಿಲ್ಲೆ!"

ಆ ತಟ್ಟುವಿಕೆ ಬೆನ್ನನ್ನು ಸುಟ್ಟಿತು. ಕೊಟ್ಟುಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಆದರೆ ಆ ಎರಡು ತೂತು ಕಂಡಾಗೆಲ್ಲ ನನಗೆ ಆಗುತ್ತಿದ್ದ ತೃಪ್ತಿಯನ್ನು ಬಿಡಲು ಮನಸ್ಸಾಗಲಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವನಿಗೆ ಮೀಸೆ ಎಷ್ಟು ಮುಖ್ಯವೋ, ನನಗೆ ಆ ಹಕ್ಕಿ ಅಷ್ಟೇ ಮುಖ್ಯವಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಕಾರು ರಸ್ತೆಗೆ ಇಳಿಯಿತು. ರಿಪೇರಿಯಾದ ಮೇಲೆ ಮೊದಲ ಸವಾರಿ ಗಂಗತ್ತೆಗೆ ಎಂದು ಭಾವ ಮಾತು ಕೊಟ್ಟಿದ್ದ. ನಾನು, ಅಕ್ಕ, ಭಾವ ಮೂವರೂ ನಿಲ್ಕುಂದಕ್ಕೆ ಹೊರಟೆವು. ದಾರಿಯಲ್ಲಿ ಎಲ್ಲೂ ಕೆಮ್ಮದೆ ಸೀನದೆ ಇಂಜಿನ್ನು ಹಾಡುತ್ತ ಹೋಯಿತು. ನಾನು ಮಾಡಿದ ಶಾಫ್ಟು, ನಾನು ಹಾಕಿದ ಬುಷ್ಷು, ನನ್ನ ಬ್ರೇಕು. ನಾನು ಹಿಂದಿನ ಸೀಟಿನಲ್ಲಿ.

ಗಂಗತ್ತೆ ಅಂಗಳಕ್ಕೆ ಇಳಿದು ಬಂದು ಕಾರಿನ ಬಾನೆಟ್ಟನ್ನು ಆಕಳ ಬೆನ್ನು ಸವರುವ ಹಾಗೆ ಸವರಿದಳು. ಭಾವ ತಲೆ ಕೆರೆದುಕೊಂಡ. "ಎಲ್ಲ ಆತು ಅತ್ತೆ. ಆ ಹಕ್ಕಿ ಒಂದು ಎಲ್ಲೂ ಸಿಕ್ಕಿದ್ದಿಲ್ಲೆ."

"ಎಲ್ಲಿ ಸಿಗ್ತು? ಆಕಳ ಕೊಟ್ಟರೂ ಕಣ್ಣಿ ಕೊಡ್ತ್ವನಾ ಯಾರಾದ್ರೂ?" ಎಂದಳು ಗಂಗತ್ತೆ.

ನಮ್ಮ ಕಡೆ ಆಕಳು ಮಾರಿದವರು ಅದನ್ನು ಕಟ್ಟಿದ ಕಣ್ಣಿ ಹಗ್ಗವನ್ನು ಕೊಡುವುದಿಲ್ಲ. ಕೊಂಡವರು ತಮ್ಮದೇ ಹಗ್ಗ ತರಬೇಕು. ಕಣ್ಣಿ ಮನೆಯಲ್ಲೇ ಉಳಿಯಬೇಕು, ಇಲ್ಲದಿದ್ದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆ ಹೋಗುತ್ತದೆ. ನಾನು ಲೇತಿನವನು, ದನ ಕಟ್ಟಿದವನಲ್ಲ. ಆ ಹಕ್ಕಿ ಪ್ರಾಯಶ್ಚಿತ್ತವಲ್ಲ, ಕಣ್ಣಿ ಎಂದು ಆ ಮಾತು ಕಿವಿಗೆ ಬಿದ್ದ ಮೇಲೆಯೇ ನನಗೆ ಹೊಳೆದದ್ದು.

"ಹಂಗಾರೆ ಅದು ಮನೇಲೇ ಇದ್ದನೇ?" ಎಂದ ಭಾವ.

"ಮನೆಯವನ ಹತ್ರ ಇದ್ದು." ಅವಳು ನನ್ನ ಕಡೆ ಕೈ ತೋರಿಸಿದಳು. "ಈ ಮಾಣಿ ಹತ್ತು ವರ್ಷ ಬಂದ. ಒಂದಿನ ಅದು ಬೇಕು, ಇದು ಬೇಕು ಹೇಳಿದ್ನಿಲ್ಲೆ. ಬರೀ ಯನ್ನ ನೋಡಲೆ ಬಂದ, ಯನ್ನ ಕಥೆ ಕೇಳ್ದ. ಹೆತ್ತ ಮಕ್ಕಳೂ ಹಾಂಗೆ ಕೂತು ಕೇಳಿದ್ವಿಲ್ಲೆ. ಕಣ್ಣಿ ಅವಂಗಲ್ದೆ ಇನ್ಯಾರಿಗೆ ಕೊಡಲಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. 'ಕಾರಿಗಾಗಿಯೇ ಬರುತ್ತಿದ್ದೆ ಅತ್ತೆ' ಎಂದು ಹೇಗೆ ಹೇಳಲಿ? ಹೇಳದೆ ಹೇಗೆ ನಿಲ್ಲಲಿ? ಅಕ್ಕ ನನ್ನನ್ನೇ ನೋಡುತ್ತಿದ್ದಳು, ಅವಳಿಗೆ ಎಲ್ಲ ಗೊತ್ತು. ಭಾವ ನನ್ನ ಕಡೆ ತಿರುಗಿದ. ಈಗ ಎಲ್ಲರ ಎದುರು ಮಾನ ಕಳೆಯುತ್ತಾನೆ ಎಂದುಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅದಕ್ಕೇ ಅಷ್ಟು ಚಂದ ಚಿತ್ರ ಬರದ್ದು! ಭಲೇ ಭಾವಯ್ಯಾ!" ನಕ್ಕು ಮುಗಿಸಿ ಕಾರಿನ ಚಾವಿಯನ್ನು ನನ್ನ ಕೈಗೆ ತುರುಕಿದ. "ಅತ್ತೆನ್ನ ನೀನೇ ಕರ್ಕಂಡ್ಹೋಗು. ಗಾಡಿ ನಿನ್ನ ಕೈ ಕೆಲಸ, ಆನು ಬರೀ ಬಾಯಿ."

ಹೀಗೆ ನಾನು ಆ ಕಾರನ್ನು ಮೊದಲ ಸಲ ಹೊಡೆದೆ. ಗಂಗತ್ತೆ ಪಕ್ಕದಲ್ಲಿ ಕಾಲು ಮಡಚಿ ಕೂತಿದ್ದಳು. ಹತ್ತು ವರ್ಷ ಕನಸಿನಲ್ಲಿ ಹಿಡಿದ ಸ್ಟೇರಿಂಗು ಕೈಯಲ್ಲಿದ್ದರೂ ಅದರ ಖುಷಿ ಎಲ್ಲಿ ಹೋಯಿತೋ. ಊರು ದಾಟಿದ ಮೇಲೆ ಅವಳು ರಸ್ತೆ ನೋಡುತ್ತಲೇ ಕೇಳಿದಳು.

"ಕಾರು ಹೋದ ಮೇಲೆ ನೀ ಬಪ್ಪದೂ ನಿಂತ್ಹೋತು."

"ಕೆಲಸ ಇತ್ತು ಅತ್ತೆ."

"ಇರ್ತು, ಇರ್ತು. ಚಳಿಗಾಲದಲ್ಲಿ ಗ್ರೈಂಡರ್ ಹಾಳಾಗಿತ್ತು. ಹೇಳಿ ಕಳಿಸಲೆ ಮನಸ್ಸು ಬಂಜಿಲ್ಲೆ. ಒರಳಲ್ಲೇ ಬೀಸಿದೆ."

ನಾನು ಗೇರು ಬದಲಿಸಿದೆ. ಕಣ್ಣು ಮಂಜಾಗಿ ಎದುರಿನ ತಿರುವು ಸರಿಯಾಗಿ ಕಾಣಲಿಲ್ಲ. ಕಾರು ಕೈತಪ್ಪಿದ ದಿನವೂ ನನಗೆ ಅಷ್ಟು ಸಂಕಟ ಆಗಿರಲಿಲ್ಲ.

ಮರುವಾರವೇ ಹೋಗಿ ಗ್ರೈಂಡರ್ ಸರಿ ಮಾಡಿದೆ. ಆಮೇಲೆ ತಪ್ಪಿಸಿಲ್ಲ. ಹಕ್ಕಿ ಈಗ ನನ್ನ ಲೇತಿನ ಮೇಲಿನ ಗೂಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತಿದೆ. ಭಾವ ಬಂದಾಗೆಲ್ಲ "ಕೊಡ್ತ್ಯನಾ?" ಎನ್ನುತ್ತಾನೆ. ಕೊಡುವುದಿಲ್ಲ. ಕಾರಿನ ಮೇಲಿನ ಹೊಟ್ಟೆಕಿಚ್ಚು ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದರ ಜೊತೆಗೆ ಇನ್ನೊಂದು ಬಂದು ಸೇರಿಕೊಂಡಿದೆ. ಭಾವನೂ ಈಗ ಆಗಾಗ ಕಾರು ತೆಗೆದುಕೊಂಡು ನಿಲ್ಕುಂದಕ್ಕೆ ಬರುತ್ತಾನೆ. ಅಂಗಳದ ಮಣ್ಣಿನಲ್ಲಿ ಆ ಅಗಲ ಟೈರಿನ ಗುರುತು ಕಂಡರೆ ಸಾಕು, ನನ್ನ ಹೊಟ್ಟೆಯಲ್ಲಿ ಮೆಣಸು ಅರೆಯುತ್ತದೆ. ಅತ್ತೆ ಅವನಿಗೆ ಯಾವ ಕಥೆ ಹೇಳಿದಳೋ, ನನಗೆ ಹೇಳದೇ ಇದ್ದದ್ದು ಏನಾದರೂ ಹೇಳಿದಳೋ!

"ಏಣಿ ಸಿಕ್ತನಾ ಮಾಣಿ? ಅಲ್ಲೇ ವರಗಿ ಬಿಟ್ಯ ಎಂತ?" ಅಂಗಳದಿಂದ ಗಂಗತ್ತೆಯ ಕೂಗು ಕೇಳಿತು. ಕಲೆಯ ಹತ್ತಿರದಿಂದ ಎದ್ದೆ. ಏಣಿಯನ್ನು ಹೊತ್ತುಕೊಂಡು ಹೋಗಿ ಒಳಗೆ ಅಟ್ಟಕ್ಕೆ ಒರಗಿಸಿದೆ. ಮೇಲೆ ಹತ್ತಿಸಿ ತೊಡದೇವಿನ ಮಡಕೆ ಇಳಿಸಲು ಹೇಳಿದಳು. ಮಡಕೆ ಬೋರಲು ಹಾಕಿ, ಕೆಳಗೆ ಬೆಂಕಿ ಮಾಡಿ, ಮೇಲೆ ಸಿಹಿ ಹಿಟ್ಟು ಎಳೆದು ಕಾಗದದಷ್ಟು ತೆಳ್ಳಗೆ ತೊಡದೇವು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮಡಕೆ ಇಳಿಯುವುದು ವರ್ಷಕ್ಕೆ ಒಂದೋ ಎರಡೋ ಸಲ. ನನ್ನ ಮನಸ್ಸು ಅರಳಿತು.

"ಯಾರಿಗೆ ಅತ್ತೆ ಇದು?"

"ನಾಳೆ ಶ್ರೀಪಾದ ಬತ್ತ. ಫೋನು ಮಾಡಿ 'ತೊಡದೇವು ತಿನ್ನಕು ಅನ್ನಿಸ್ತಾ ಇದ್ದು ಅತ್ತೆ' ಅಂದ."

ಏಣಿಯ ಮೇಲೆಯೇ ನಿಂತೆ. ಕೈಯಲ್ಲಿ ಮಡಕೆ. "ಹದಿನೈದು ವರ್ಷ ಆತು ಆನು ಬಪ್ಪಲೆ ಶುರು ಮಾಡಿ. ಯಂಗೆ ಹೇಳಿ ಒಂದಿನವೂ ಮಡಕೆ ಇಳಿಸಿದ್ದಿಲ್ಲೆ ನೀನು."

"ಅವ ಕೇಳ್ದ. ನೀ ಯಾವತ್ತು ಕೇಳಿದ್ದೆ?"

ಅವಳು ಕೆಳಗಿನಿಂದ ತಲೆ ಎತ್ತಿ ನೋಡುತ್ತಿದ್ದಳು. ಆ ಕಣ್ಣು ನೋಡಿದ ಮೇಲೆ, ಇವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೇನೋ ಎಂಬ ಅನುಮಾನ ನನಗೆ ಮೊದಲ ಸಲ ಬಂತು. ಐವತ್ತೆರಡು ವರ್ಷದ ಗಂಡಸು, ಏಣಿಯ ಮೇಲೆ ನಿಂತು, ಕಡೆಗೂ ಬಾಯಿ ಬಿಟ್ಟೆ.

"ಅತ್ತೆ, ಯಂಗೂ ಎರಡು ತೊಡದೇವು ಮಾಡಿ ಕೊಡ್ತ್ಯನೇ?"

ಅವಳು ಎರಡೂ ಕೈ ಮೇಲೆ ಚಾಚಿ ಮಡಕೆ ಇಸಿದುಕೊಂಡಳು.

"ಇವತ್ತೇ ಮಾಡ್ತೆ, ಇಳಿ. ಅವಂದು ನಾಳೆಗಾತು."